ಡೌನ್ ರಜಾಯಿ: ಒಗೆಯುವುದು ಸುಲಭ, ಒಣಗಿಸುವುದೇ ಕೆಲಸ

ಕೌದಿ ಒಗೆದು ರೂಢಿಯಾದ ಕೈಗೆ ಡೌನ್ ರಜಾಯಿ ಬೇರೆಯೇ ಪದಾರ್ಥ. ಕೌದಿಯನ್ನು ಕಲ್ಲಿಗೆ ಬಡಿಯಬಹುದು, ಇಬ್ಬರು ನಿಂತು ಹಿಂಡಬಹುದು. ಈ ರಜಾಯಿಯೊಳಗಿರುವುದು ಡೌನ್, ಅಂದರೆ ಬಾತುಕೋಳಿಯ ಎದೆಯ ತುಪ್ಪಳ. ನೀರು ತಾಗಿದರೆ ಉಂಡೆಗಟ್ಟುತ್ತದೆ. ಹಿಂಡಿದರೆ ಒಳಗಿನ ಹೊಲಿಗೆ ಹರಿಯುತ್ತದೆ. ಮೈದುನ ಅಮೆರಿಕದಿಂದ ತಂದುಕೊಟ್ಟದ್ದನ್ನು ಕಲಬುರಗಿಯ ನಮ್ಮ ಮಾಳಿಗೆಯ ಮೇಲೆ ನಾನೇ ಒಗೆಯುತ್ತೇನೆ.

ಹೋಳಿ ಆದ ಮೇಲೆ ಬರುವ ನಮ್ಮೂರಿನ ಶರಣಬಸವೇಶ್ವರ ಜಾತ್ರೆಯ ಆಸುಪಾಸು ಇದಕ್ಕೆ ಸರಿಯಾದ ಕಾಲ. ಚಳಿ ಮುಗಿದಿರುತ್ತದೆ, ಗಾಳಿ ಒಣಗಿರುತ್ತದೆ, ಮೇ ತಿಂಗಳ ಸಂಜೆಯ ಗುಡುಗು ಮಳೆ ಇನ್ನೂ ದೂರ. ನೆನೆಹಾಕುವ ಮೊದಲು ಬಿಟ್ಟ ಹೊಲಿಗೆ ಹಾಕಿಕೊಂಡು, ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಯಲ್ಲಿ ತೂಗಿ ಬರೆದಿಡಿ.

ಮನೆಯ 7 ಕೆಜಿ ಮಷೀನಿನಲ್ಲಿ ಡಬಲ್ ಸೈಜಿನ ರಜಾಯಿ ಹೊರಳುವುದಿಲ್ಲ, ದೊಡ್ಡ ಟಬ್ಬೇ ವಾಸಿ. ನಮ್ಮ ಬೋರಿನ ನೀರು ಗಡಸು, ಅದಕ್ಕೇ ನಳ ಬಂದ ದಿನ ನೋಡಿಕೊಳ್ಳುತ್ತೇನೆ. ಕಟುವಾದ ಸೋಪಿನ ಪುಡಿ ಬೇಡ, ತುಪ್ಪಳದ ಸಹಜ ಎಣ್ಣೆಯನ್ನೇ ತೆಗೆದುಬಿಡುತ್ತದೆ. ಉಣ್ಣೆ ಬಟ್ಟೆಯ ಲಿಕ್ವಿಡ್ ಸ್ವಲ್ಪ ಸಾಕು. ಸಾಫ್ಟ್‌ನರ್ ಅಂತೂ ಬೇಡವೇ ಬೇಡ. ಒಳಗೆ ಗಾಳಿ ತುಂಬಿರುವುದರಿಂದ ರಜಾಯಿ ತೇಲುತ್ತದೆ; ಒಂದು ತುದಿಯಿಂದ ಅಂಗೈಯಲ್ಲಿ ಒತ್ತುತ್ತಾ ಗಾಳಿ ಹೊರಡಿಸಿ. ನೊರೆ ನಿಲ್ಲುವವರೆಗೆ ನೀರು ಬದಲಿಸಿ. ಎತ್ತುವಾಗ ಮೂಲೆ ಹಿಡಿದು ಎಳೆಯದೆ, ಕೆಳಗೆ ಎರಡೂ ತೋಳು ಕೊಟ್ಟು ಮಗುವಿನಂತೆ ಎತ್ತಿ.

ಹಗ್ಗಕ್ಕೆ ಹಾಕಿದರೆ ತುಪ್ಪಳವೆಲ್ಲ ಜಾರಿ ಕೆಳಗೆ ಕೂಡುತ್ತದೆ. ಶಾಬಾದಿ ಫರಸಿಯ ಮೇಲೆ ಹಾಸಿದರೆ ಕೆಳಗೆ ಗಾಳಿಯಾಡುವುದಿಲ್ಲ. ಹೊರಸಿನ ಮೇಲೆ ಹರಡಿ, ಮೇಲೊಂದು ಹಳೆಯ ಬಿಳಿ ಚಾದರ ಹೊದಿಸಿ. ಧೂಳು, ಪಾರಿವಾಳ, ನೇರ ಬಿಸಿಲು ಮೂರಕ್ಕೂ ಅದು ತಡೆ. ಗಂಟೆಗೊಮ್ಮೆ ತಿರುವಿ ಹಾಕಬೇಕು. ಆಗೆಲ್ಲ ರಜಾಯಿಯನ್ನು ಬೆಳಕಿಗೆ ಹಿಡಿದು ನೋಡಿ: ಹೊಲಿಗೆಯ ಒಂದೊಂದು ಚೌಕದ ಮೂಲೆಯಲ್ಲೂ ಕಪ್ಪಗೆ ಒಂದು ಗಂಟು ಕಾಣುತ್ತದೆ. ಅದನ್ನು ಹೊರಗಿನಿಂದಲೇ ಎರಡು ಬೆರಳಲ್ಲಿ ಹಿಡಿದು, ಹಿಂಜಿ, ಕೊಡವಬೇಕು. ಬೇಸರದ ಕೆಲಸ, ಆದರೆ ರಜಾಯಿ ಉಳಿಯುವುದು ಇಲ್ಲೇ.

ಮೊದಲ ಸಂಜೆಗೇ ಅತ್ತೆ ಬಂದು, "ಒಣಗ್ಯಾದಲ್ಲವ್ವ, ಮಡಚಿ ಇಡು" ಎಂದರು.

"ಮ್ಯಾಲಷ್ಟೇ ಒಣಗ್ಯಾದ ಅತ್ತಿ, ಒಳಗ ಇನ್ನಾ ಹಸಿ ಅದ. ಮುಟ್ಟಿ ನೋಡ್ರಿ."

ತುಪ್ಪಳ ಹೊರಬರಬಾರದೆಂದು ಈ ಬಟ್ಟೆಯನ್ನು ಒತ್ತಾಗಿ ನೇಯ್ದಿರುತ್ತಾರೆ. ಒಳಗಿನ ತೇವವೂ ಅದೇ ಕಾರಣಕ್ಕೆ ಬೇಗ ಹೊರಬರುವುದಿಲ್ಲ. ಹಸಿ ಇರುವಾಗ ಮಡಚಿಟ್ಟರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ರಾತ್ರಿ ಒಳಗೆ ತಂದು ಫ್ಯಾನಿನ ಕೆಳಗೆ ಹರಡಿ, ಬೆಳಗ್ಗೆ ಮತ್ತೆ ಮಾಳಿಗೆಗೆ ಒಯ್ಯಿರಿ. ನಮ್ಮೂರಿನ ಬಿಸಿಲಲ್ಲೂ ಎರಡು ಮೂರು ದಿನ ಬೇಕು. ಗಂಟು ಸಿಗದಿದ್ದರೆ, ವಾಸನೆ ಹೋಗಿದ್ದರೆ, ತಕ್ಕಡಿಯಲ್ಲಿ ಮೊದಲಿನ ತೂಕವೇ ಬಂದರೆ ಒಣಗಿದೆ ಎಂದರ್ಥ. ನಾನು ಎಲ್ಲಕ್ಕಿಂತ ತಕ್ಕಡಿಯನ್ನೇ ನಂಬುತ್ತೇನೆ.

ಪ್ಲಾಸ್ಟಿಕ್ ಚೀಲಕ್ಕೆ ತುರುಕದೆ ಹಳೆಯ ಧೋತರದಲ್ಲಿ ಸಡಿಲವಾಗಿ ಸುತ್ತಿಡಿ. ಬಳಸುವಾಗ ಮೇಲೊಂದು ಗವಸು ಹಾಕಿ ಅದನ್ನಷ್ಟೇ ಆಗಾಗ ಒಗೆಯುತ್ತಿದ್ದರೆ, ರಜಾಯಿಯನ್ನು ಪ್ರತಿವರ್ಷ ನೀರಿಗೆ ಹಾಕಬೇಕಾಗಿಲ್ಲ.