ಬೇಡದ ನಿಲಯವನ್ನು ಅಡಗಿಸುವ ಕೆಲಸ

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ನಮ್ಮ ಮನೆಯಲ್ಲಿ ಹಗಲು ಹೊತ್ತು ಮಧ್ಯಮ ತರಂಗದಲ್ಲಿ 675 ಕಿಲೋಹರ್ಟ್ಸ್‌ನ ಭದ್ರಾವತಿ, 765ರ ಧಾರವಾಡ ಆಕಾಶವಾಣಿಗಳು ಸಲೀಸಾಗಿ ಸಿಗುತ್ತಿದ್ದವು. 612ರ ಬೆಂಗಳೂರು ಮಾತ್ರ ಕಷ್ಟ. ಬಿಸಿಲಿರುವಾಗ ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಂಶ ತುಂಬಿದ ಪದರಗಳು) ಕೆಳಪದರ ಈ ಅಲೆಗಳನ್ನು ಹೀರಿಬಿಡುವುದರಿಂದ ಅದು ಮುನ್ನೂರು ಕಿಲೋಮೀಟರನ್ನು ನೆಲ ಹಿಡಿದೇ ಬರಬೇಕು. ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗರಗರ ಸದ್ದಿನಲ್ಲಿ ಅಷ್ಟು ಸಣ್ಣ ದನಿ ಉಳಿಯುವುದಿಲ್ಲ. ಹಾಗಾಗಿ ಕರೆಂಟು ಹೋದ ತಕ್ಷಣ ರೇಡಿಯೊ ಹಿಡಿದು ಅಂಗಳಕ್ಕೆ ನಡೆಯುತ್ತೇನೆ.

ಜೊತೆಗೊಂದು ಚೌಕ ಆಂಟೆನಾ ಕಟ್ಟಿಕೊಂಡೆ. ಎರಡಡಿ ಅಗಲದ ಮರದ ಚೌಕಟ್ಟಿಗೆ ಹನ್ನೆರಡು ಸುತ್ತು ತಾಮ್ರದ ತಂತಿ, ತುದಿಗಳಿಗೆ ಹಳೆಯ ರೇಡಿಯೊದಲ್ಲಿ ನಿಲಯ ಹುಡುಕಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್. ರೇಡಿಯೊಗೆ ತಂತಿಯಿಂದ ಜೋಡಿಸಬೇಕಿಲ್ಲ, ಪಕ್ಕದಲ್ಲಿಟ್ಟು ಗ್ಯಾಂಗ್ ತಿರುಗಿಸಿದರೆ ಸಾಕು. ಕ್ಷೀಣವಾಗಿದ್ದ ಬೆಂಗಳೂರು ಒಮ್ಮೆಲೇ ಎದ್ದು ನಿಲ್ಲುತ್ತದೆ.

ಆದರೆ ದೂರದ ನಿಲಯ ಕೇಳುವವರು ನಿಜವಾಗಿ ಕಲಿಯಬೇಕಾದ ವಿದ್ಯೆ, ಹತ್ತಿರದ್ದನ್ನು ಅಡಗಿಸುವುದು. ರೇಡಿಯೊದೊಳಗೆ ಆಂಟೆನಾ ಆಗಿ ಅಲೆ ಹಿಡಿಯುವ ಫೆರೈಟ್ ಕಡ್ಡಿಯ ತುದಿ ಯಾವ ನಿಲಯದತ್ತ ನೇರವಾಗಿರುತ್ತದೋ ಆ ನಿಲಯದ ದನಿ ಕುಗ್ಗುತ್ತದೆ. ಸಂಜೆಯಾದರೆ 684ರ ಕೋಳಿಕ್ಕೋಡಿನ ಮೇಲೆ ಪಕ್ಕದ 675ರ ಭದ್ರಾವತಿ ಹರಡಿಕೊಳ್ಳುತ್ತಿತ್ತು. ನಮಗೆ ಭದ್ರಾವತಿ ಆಗ್ನೇಯದ ಕಡೆ, ಕೋಳಿಕ್ಕೋಡು ದಕ್ಷಿಣದ ಕಡೆ. ಕಡ್ಡಿಯ ತುದಿಯನ್ನು ಭದ್ರಾವತಿಗೆ ಗುರಿಯಿಟ್ಟು, ಆಮೇಲೆ ಕೂದಲೆಳೆಯಷ್ಟು ಅತ್ತಿತ್ತ ಹೊರಳಿಸುತ್ತಾ ಹೋದೆ. ಕನ್ನಡ ತಗ್ಗಿ ಮಲಯಾಳಂ ಮೇಲೆದ್ದ ಆ ಕ್ಷಣದ ಖುಷಿಯನ್ನು ಯಾವ ದುಬಾರಿ ರೇಡಿಯೊವೂ ಕೊಡಲಾರದು. ಬೇಕಾದ ನಿಲಯದ ಸದ್ದು ಕೊಂಚ ಕಡಿಮೆಯಾದರೂ ಚಿಂತೆಯಿಲ್ಲ, ಮಾತು ಬಿಡಿಬಿಡಿಯಾಗಿ ಕೇಳಿಸಬೇಕು.

ರಾತ್ರಿ ಕೆಳಪದರ ಕರಗಿ, ಅಲೆಗಳು ಮೇಲಿನ ಪದರಗಳಿಗೆ ತಾಗಿ ದೂರದೂರ ಇಳಿಯುತ್ತವೆ. 720ರ ಚೆನ್ನೈ, 738ರ ಹೈದರಾಬಾದ್, 1161ರ ತಿರುವನಂತಪುರ, 882ರಲ್ಲಿ ಶ್ರೀಲಂಕಾದ ಪುತ್ತಳಂ ಬರುತ್ತವೆ, ಏರಿಳಿಯುತ್ತವೆ. ಮೇಲಿನಿಂದ ಇಳಿಯುವ ಅಲೆಗಳನ್ನು ಕಡ್ಡಿ ಹೊರಳಿಸಿ ಪೂರ್ತಿ ಅಡಗಿಸಲಾಗದು. ಆಗ ತಾಳ್ಮೆಯೇ ಉಪಾಯ: ಒಂದೇ ಸಂಖ್ಯೆಯಲ್ಲಿ ಕಾದು ಕುಳಿತರೆ ಒಂದು ನಿಲಯ ಮುಳುಗಿದಾಗ ಇನ್ನೊಂದು ತೇಲುತ್ತದೆ. ಗಂಟೆ ತುಂಬುವ ಹೊತ್ತಿಗೆ ಕಿವಿ ಅಲ್ಲೇ ಇರಬೇಕು, ನಿಲಯದ ಹೆಸರು ಹೇಳುವುದು ಆಗಲೇ.

ನನಗೆ ಅತಿ ಪ್ರಿಯವಾದದ್ದು ಬೆಳಗಿನ ಜಾವ. ಚೆನ್ನೈಗೆ ಸೂರ್ಯ ನಮಗಿಂತ ಸುಮಾರು ಇಪ್ಪತ್ತು ನಿಮಿಷ ಮೊದಲೇ ಹುಟ್ಟುತ್ತಾನೆ. ನಮ್ಮಲ್ಲಿನ್ನೂ ಮಬ್ಬಿರುವಾಗಲೇ 720 ಸೊರಗತೊಡಗುತ್ತದೆ. ಪಶ್ಚಿಮದಿಂದ ಬರುವ ಅರಬ್ಬೀ ದನಿಗಳಿಗೆ ಇನ್ನೂ ಸ್ವಲ್ಪ ಸಮಯವಿರುತ್ತದೆ. ಆ ಹೊತ್ತಿನಲ್ಲಿ ಮೊದಲು ಪೂರ್ವದವುಗಳನ್ನು ಕೇಳಿ ಮುಗಿಸಿ, ಆಮೇಲೆ ಪಶ್ಚಿಮಕ್ಕೆ ಹೊರಳುತ್ತೇನೆ.