ಅಡಿಕೆ ಗುಂಪಿನಲ್ಲಿ ಉತ್ತರ ಬರೆಯುವುದು ಹೇಗೆ?

ಮಳೆ ಹಿಡಿಯಿತು ಅಂದರೆ ಅಡಿಕೆ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಇಂಥದ್ದೊಂದು ಫೋಟೊ ಬರುತ್ತದೆ. ಅಂಗೈ ಮೇಲೆ ನಾಲ್ಕು ಎಳೆ ಕಾಯಿ. ಕೆಳಗೆ ಒಂದು ಸಾಲು: 'ಅಡಿಕೆ ಉದುರ್ತಾ ಇದೆ, ಏನು ಹೊಡೀಬೇಕು?' ಹತ್ತು ನಿಮಿಷದಲ್ಲಿ ಹದಿನೈದು ಉತ್ತರ. ಒಬ್ಬರು ಬೋರ್ಡೊ (ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ದ್ರಾವಣ) ಅನ್ನುತ್ತಾರೆ. ಇನ್ನೊಬ್ಬರು ಯಾವುದೋ ಟಾನಿಕ್ ಡಬ್ಬಿಯ ಚಿತ್ರ ಹಾಕುತ್ತಾರೆ. ಮತ್ತೊಬ್ಬರು 'ಇಷ್ಟೂ ಗೊತ್ತಿಲ್ವಾ?' ಅನ್ನುತ್ತಾರೆ. ಕೇಳಿದವರು ಆಮೇಲೆ ಬಾಯಿ ಬಿಡುವುದೇ ಇಲ್ಲ. ಹೀಗೆ ಸುಮ್ಮನಾದ ಕೆಲವರಿಗೆ ನಾನೇ ಫೋನ್ ಮಾಡಿ ಮಾತಾಡಿದ್ದೇನೆ. ಅಷ್ಟೊಂದು ಉತ್ತರ ಬಂದರೂ ಅವರಿಗೆ ದಾರಿ ಸಿಕ್ಕಿರಲಿಲ್ಲ.

ಮೊದಲ ಕೆಲಸ, ಬಂದಿರುವ ಉತ್ತರ ಎಲ್ಲವನ್ನೂ ಓದುವುದು. ನೀವು ಹೇಳಬೇಕೆಂದಿದ್ದನ್ನು ಬೇರೆಯವರು ಆಗಲೇ ಹೇಳಿದ್ದರೆ ಅದಕ್ಕೆ ಒಂದು ಹೆಬ್ಬೆರಳು ಒತ್ತಿ, ಸಾಕು.

ಎರಡನೆಯದು, ಔಷಧಿ ಹೇಳುವ ಮೊದಲು ಪ್ರಶ್ನೆ ಕೇಳುವುದು. ಕಾಯಿ ಉದುರುವುದಕ್ಕೆ ಕಾರಣ ಒಂದೇ ಅಲ್ಲ. ನೀರು ತುಂಬಿದಂಥ ಕಲೆ ಬಿದ್ದು, ಆಮೇಲೆ ಬಿಳಿ ಬೂಷ್ಟು ಕಂಡರೆ ಕೊಳೆ ರೋಗ. ಎಳೆ ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಗುರುತಿದ್ದರೆ ಅದು ತಿಗಣೆಯ ಕೆಲಸ. ತಿಗಣೆಗೆ ಬೋರ್ಡೊ ಹೊಡೆದರೆ ಕೂಲಿ ದುಡ್ಡು ಹೋಯಿತು ಅಷ್ಟೇ. ಹಾಗಾಗಿ ಯಾವ ಊರು, ಹಿಂದಿನ ಸಲ ಯಾವಾಗ ಏನು ಹೊಡೆದಿದ್ದರು, ಎಷ್ಟು ಮರದಲ್ಲಿ ಹೀಗಿದೆ ಅಂತ ಕೇಳಿ. ಕಾಯಿಯನ್ನು ಹತ್ತಿರದಿಂದ ತೆಗೆದು, ಎಚ್‌ಡಿ ಒತ್ತಿ ಕಳಿಸಲು ಹೇಳಿ. ಮಬ್ಬು ಫೋಟೊದಲ್ಲಿ ಸೂಜಿ ಗುರುತು ಕಾಣುವುದಿಲ್ಲ.

ಫೋಟೊ ನೋಡಿ ರೋಗ ಹೇಳುವ ಆ್ಯಪ್‌ಗಳ ಉತ್ತರವನ್ನು ನಕಲು ಮಾಡಿ ಹಾಕಬೇಡಿ. ಅಂಥ ಆ್ಯಪ್ ಕೇಳಿದವರ ಫೋನಿನಲ್ಲೂ ಇದೆ. ಅವರು ಗುಂಪಿಗೆ ಬಂದಿರುವುದು ತೋಟ ಮಾಡಿದವರ ಮಾತು ಕೇಳಲಿಕ್ಕೆ. 2022ರಲ್ಲಿ ಕಳಸ, ಶೃಂಗೇರಿ ಕಡೆ ಅಡಿಕೆಯ ಎಲೆಚುಕ್ಕಿ ರೋಗ ಜೋರಾದಾಗ 'ಒಂದೇ ಸಲಕ್ಕೆ ಗುಣ' ಎನ್ನುವ ಫಾರ್ವರ್ಡ್‌ಗಳು ನಮ್ಮ ಗುಂಪಿನಲ್ಲಿ ತುಂಬಿಹೋಗಿದ್ದವು. ಕಂಗಾಲಾದವರು ಅದನ್ನೂ ನಂಬುತ್ತಾರೆ. ನೀವು ಬಳಸಿ ನೋಡದ ಡಬ್ಬಿಯ ಚಿತ್ರವನ್ನು ಇನ್ನೊಬ್ಬರಿಗೆ ಕಳಿಸಲೇಬೇಡಿ.

ಮೂರನೆಯದು, ಉತ್ತರ. ಹೇಳುವುದನ್ನು ಅಳತೆ ಸಮೇತ ಹೇಳಿ. 'ಶೇ 1ರ ಬೋರ್ಡೊ' ಅಂದರೆ ಹೊಸದಾಗಿ ತೋಟ ನೋಡಿಕೊಳ್ಳುತ್ತಿರುವ ಹುಡುಗನಿಗೆ ಏನೂ ತಿಳಿಯುವುದಿಲ್ಲ. 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಅಂತ ಬರೆಯಿರಿ. ನೀವೇ ಮಾಡಿದ್ದಾ, ಯಾರೋ ಹೇಳಿದ್ದಾ ಎನ್ನುವುದನ್ನೂ ಸೇರಿಸಿ. ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಬೇಡ. ಮುಂದಿನ ಜೂನ್‌ನಲ್ಲಿ ಯಾರಾದರೂ 'ಕೊಳೆ' ಅಂತ ಹುಡುಕಿದರೆ ಅದು ಸಿಗುವುದಿಲ್ಲ. ಟೈಪ್ ಮಾಡುವುದು ಕಷ್ಟವಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, ಅದೇ ಅಕ್ಷರವಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ: ಬೇರೆಯವರ ತಪ್ಪನ್ನು ತಿದ್ದುವುದು.

ಒಮ್ಮೆ ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರು 'ಮೈಲುತುತ್ತು, ಸುಣ್ಣ ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿ ಕಲಕಿ' ಅಂತ ಬರೆದರು. ತಕ್ಷಣ ಒಬ್ಬರು 'ಗೊತ್ತಿಲ್ಲದಿದ್ರೆ ಸುಮ್ನಿರಿ' ಅಂದರು. ಆಮೇಲೆ ಸಂಜೆಯವರೆಗೂ ಯಾರಿಗೆ ಎಷ್ಟು ಎಕರೆ ಇದೆ, ಯಾರು ಎಷ್ಟು ವರ್ಷದಿಂದ ತೋಟ ಮಾಡುತ್ತಿದ್ದಾರೆ ಎಂಬ ಜಗಳ. ದ್ರಾವಣ ಮಾಡುವುದು ಹೇಗೆ ಅಂತ ಒಬ್ಬರೂ ಬರೆಯಲಿಲ್ಲ. ಅಲ್ಲಿ ಬೇಕಿದ್ದ ಉತ್ತರ ಇಷ್ಟೇ:

'ಅಣ್ಣ, ಎರಡನ್ನೂ ಒಟ್ಟಿಗೆ ಹಾಕಿದರೆ ದ್ರಾವಣ ಸರಿ ಬರೋದಿಲ್ಲ. 50 ಲೀಟರ್ ನೀರಲ್ಲಿ ಮೈಲುತುತ್ತು, ಇನ್ನೊಂದು 50 ಲೀಟರಲ್ಲಿ ಸುಣ್ಣ, ಬೇರೆ ಬೇರೆ ಕರಗಿಸಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಬೇಡ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕಲಕಿ. ಕೊನೆಗೆ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡಿ. ಕೆಂಪಗೆ ತಾಮ್ರ ಹಿಡಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ನೀವು ಒಟ್ಟಿಗೆ ಹಾಕಿದಾಗ ಕತ್ತಿ ಅದ್ದಿ ನೋಡಿದ್ರಾ?'

ಇದರಲ್ಲಿ ತಪ್ಪಾದ ಮಾತು ಯಾವುದು ಅಂತ ಮೊದಲ ಸಾಲಲ್ಲೇ ಇದೆ. ಆ ಹಿರಿಯರ ಬಗ್ಗೆ ಒಂದು ಮಾತೂ ಇಲ್ಲ. ಸರಿಯಾದ ಕ್ರಮ ಇದೆ. ನಂಬಿಕೆ ಬಾರದಿದ್ದರೆ ಅವರೇ ಮನೆಯಲ್ಲಿ ಮಾಡಿ ನೋಡಬಹುದಾದ ಪರೀಕ್ಷೆ ಇದೆ. ಕೊನೆಯ ಪ್ರಶ್ನೆಗೆ ಅವರು ಉತ್ತರ ಕೊಡಬಹುದು, ಅಂದರೆ ಮಾತು ಮುಂದುವರಿಯುತ್ತದೆ.

ಯಾರಿಗೆ ಉತ್ತರ ಕೊಡುತ್ತಿದ್ದೀರೋ ಅವರ ಮೆಸೇಜನ್ನೇ ಬಲಕ್ಕೆ ಎಳೆದು ಬರೆಯಿರಿ. ಇಲ್ಲದಿದ್ದರೆ ನಡುವೆ ಬಂದ ಇನ್ನೊಬ್ಬರು ತಮಗೇ ಹೇಳಿದ್ದು ಅಂದುಕೊಳ್ಳುತ್ತಾರೆ. ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಆ ಮನುಷ್ಯ ನಿಮ್ಮ ಜಗಲಿಯಲ್ಲಿ ಕೂತಿದ್ದರೆ ಇದೇ ಮಾತು ಆಡುತ್ತಿದ್ದಿರಾ? ಇಲ್ಲ ಅಂತಾದರೆ ಅಳಿಸಿ, ಬೇರೆ ಬರೆಯಿರಿ.

ಹಿರಿಯರಿಗೆ ಖಾಸಗಿಯಾಗಿ ಹೇಳಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಔಷಧಿಯ ತಪ್ಪನ್ನು ಗುಂಪಿನಲ್ಲೇ ತಿದ್ದಬೇಕು, ಅದನ್ನು ಓದಿ ನಾಳೆ ಡ್ರಮ್ ತುಂಬಿಸುವವರು ಅಲ್ಲಿದ್ದಾರೆ. ಮಾತಿನ ಧಾಟಿಯ ಬಗ್ಗೆ ಹೇಳುವುದಿದ್ದರೆ ಮಾತ್ರ ಖಾಸಗಿಯಾಗಿ ಹೇಳಿ. ಅವರು ಒಪ್ಪದಿದ್ದರೆ ಇನ್ನೊಂದು ಸಲ ವಿವರಿಸಿ. ಮೂರನೇ ಸಲ ಬೇಡ. ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರಕ್ಕೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೇಳೋಣ ಅಂತ ಹೇಳಿ, ನಿಜವಾಗಿಯೂ ಕೇಳಿ, ಬಂದ ಉತ್ತರವನ್ನು ಗುಂಪಿಗೆ ಹಾಕಿ.

ತಪ್ಪು ನಿಮ್ಮದೇ ಆದರೆ 15 ನಿಮಿಷದೊಳಗೆ ಮೆಸೇಜ್ ತಿದ್ದಬಹುದು. ತಡವಾದರೆ ಅಳಿಸಲು ಹೋಗಬೇಡಿ, ಅಷ್ಟರಲ್ಲಿ ಯಾರೋ ಚೀಟಿಯಲ್ಲಿ ಬರೆದುಕೊಂಡಿರುತ್ತಾರೆ. ಅದೇ ಮೆಸೇಜಿಗೆ 'ಇದು ತಪ್ಪು, ಸರಿಯಾದ ಅಳತೆ ಇದು' ಅಂತ ಉತ್ತರ ಹಾಕಿ.

ಮೂರು ವಾರ ಬಿಟ್ಟು ಆ ಫೋಟೊವನ್ನು ಮತ್ತೆ ಹುಡುಕಿ. 'ಉದುರುವುದು ನಿಂತಿತಾ?' ಅಂತ ಕೇಳಿ. ನಿಂತಿಲ್ಲ ಅಂದರೆ ಇನ್ನೊಂದು ಫೋಟೊ ಕಳಿಸಲು ಹೇಳಿ.