ಕಪ್‌ಗಿಂತ ರಿಜಿಸ್ಟರ್ ದೊಡ್ಡದು: ಹಳ್ಳಿ ಲೀಗ್ ನಡೆಸಿದ ನನ್ನ ಅನುಭವ

"ಏನು ಕೆಲಸ ಮಾಡ್ತೀರಿ?" ಅಂತ ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ನನಗೆ ಈಗಲೂ ಬರುವುದಿಲ್ಲ. ಪಿಟಿ ಟೀಚರ್ ಅಂದರೆ ಯಾವ ಶಾಲೆ ಅನ್ನುತ್ತಾರೆ. ಸಂಸ್ಥೆಯಲ್ಲಿದ್ದೇನೆ ಅಂದರೆ "ಓ, ಸಮಾಜ ಸೇವೆ" ಅಂತ ಮುಖ ಮೆತ್ತಗೆ ಮಾಡಿಕೊಳ್ಳುತ್ತಾರೆ. ಆಟ ಆಡಿಸುವುದು ನನ್ನ ಕೆಲಸ ಅಂದುಕೊಂಡೇ ನಾನೂ ಬಂದೆ. ಆದರೆ ಇಷ್ಟು ವರ್ಷದಲ್ಲಿ ಸೀಟಿ ಊದಿದ್ದಕ್ಕಿಂತ ರಿಜಿಸ್ಟರ್ ಬರೆದದ್ದು, ಬಸ್ ಚಾರ್ಜ್ ಲೆಕ್ಕ ಹಾಕಿದ್ದು, ತಾಲೂಕು ಕಚೇರಿ ಬೆಂಚಿನ ಮೇಲೆ ಕೂತದ್ದೇ ಜಾಸ್ತಿ.

ಧಾರವಾಡದಲ್ಲಿ ಬಿ.ಪಿ.ಎಡ್, ಅಂದರೆ ದೈಹಿಕ ಶಿಕ್ಷಣದ ಪದವಿ, ಮಾಡಿದೆ. ಆಗ ಅದು ಒಂದೇ ವರ್ಷದ ಕೋರ್ಸು, ಈಗ ಎರಡು ವರ್ಷ. ಸರ್ಕಾರಿ ನೇಮಕಾತಿಗೆ ಕಾಯುತ್ತಾ ಕೂತಿದ್ದಾಗ, 2008ರಲ್ಲಿ, ಹಳಿಯಾಳದ ಕಡೆ ಕೆಲಸ ಮಾಡುತ್ತಿದ್ದ ಒಂದು ಸಣ್ಣ ಸಂಸ್ಥೆಯಲ್ಲಿ "ಕ್ರೀಡಾ ಸಂಯೋಜಕಿ" ಅನ್ನೋ ಹುದ್ದೆ ಸಿಕ್ಕಿತು. ಸಂಬಳ 6,500 ರೂಪಾಯಿ. ಅಪ್ಪ ಒಂದು ವಾರ ಮಾತಾಡಲಿಲ್ಲ.

ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರ ಮನೆಗಳಿವೆ. ಆಫ್ರಿಕಾ ಮೂಲದವರು, ಶತಮಾನಗಳಿಂದ ಇಲ್ಲೇ ಇರುವವರು. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಪರಿಶಿಷ್ಟ ಪಂಗಡ ಅಂತ ಇವರಿಗೆ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ನಾನು ಹೋದ ಮೊದಲ ವಾರವೇ ಒಬ್ಬ ಹಿರಿಯರು ಕೇಳಿದ್ದು, "ಅಕ್ಕೋರೆ, ನೀವೂ ನಮ್ಮ ಹುಡುಗೋರನ್ನ ಓಡಸಾಕ ಬಂದೀರೇನು?"

ಆ ಪ್ರಶ್ನೆಯ ಹಿಂದೆ ಒಂದು ಕಥೆ ಇತ್ತು, ನನಗೆ ಆಮೇಲೆ ತಿಳಿಯಿತು. 80ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ 'ಸ್ಪೆಷಲ್ ಏರಿಯಾ ಗೇಮ್ಸ್' ಅನ್ನೋ ಯೋಜನೆ ನಡೆಸಿತು. ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮ್ ದೊಡ್ಡ ಬಿಲ್ಲುಗಾರನಾದದ್ದು ಅದರಿಂದಲೇ. ಅದೇ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನೂ ಆರಿಸಿ ಹಾಸ್ಟೆಲ್ಲಿಗೆ ಕರೆದೊಯ್ದರು. ಮೂಲ ಆಫ್ರಿಕಾ, ಹಾಗಾಗಿ ಓಟ ಚೆನ್ನಾಗಿರುತ್ತೆ ಅನ್ನೋ ಲೆಕ್ಕಾಚಾರ. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕವನ್ನೂ ತಂದರು. ಆದರೆ 90ರ ದಶಕದ ಮೊದಲರ್ಧದಲ್ಲೇ ಸಿದ್ದಿಗಳ ಆ ಕಾರ್ಯಕ್ರಮ ನಿಂತಿತು. ಹೋದ ಮಕ್ಕಳು ದೊಡ್ಡವರಾಗಿ ವಾಪಸ್ ಬಂದರು. ಊರಿನಲ್ಲಿ ಉಳಿದದ್ದು ಏನು ಅಂದರೆ, ಒಂದು ಮೈದಾನವೂ ಇಲ್ಲ, ವಾರಕ್ಕೊಂದು ಆಟವೂ ಇಲ್ಲ. ಪದಕ ತರುವವರು ಸಿಗುವ ತನಕ ಬರುತ್ತಾರೆ, ಆಮೇಲೆ ಬರುವುದಿಲ್ಲ ಅನ್ನೋದು ಅವರ ಅನುಭವ.

ಇಷ್ಟು ತಿಳಿದ ಮೇಲೂ ನಾನು ಅದೇ ತಪ್ಪು ಮಾಡಿದೆ. 2009ರಲ್ಲಿ ಭರ್ಜರಿ ಕಬಡ್ಡಿ ಪಂದ್ಯಾವಳಿ ಮಾಡಿಸಿದೆ. ಶಾಮಿಯಾನ, ಮೈಕು, ಆಳೆತ್ತರದ ಕಪ್, ಹೆಸರು ಬರೆಸಿದ ಟೀ ಶರ್ಟು, ವೇದಿಕೆ ಮೇಲೆ ಹದಿನಾಲ್ಕು ಜನ ಗಣ್ಯರು. ಪೇಪರಿನಲ್ಲಿ ಫೋಟೋ ಬಂತು. ಮುಂದಿನ ಭಾನುವಾರ ಹೋಗಿ ನೋಡಿದರೆ ಅಂಕಣದ ಮೇಲೆ ಯಾರೋ ಭತ್ತದ ಹುಲ್ಲು ಒಣಗಲು ಹಾಕಿದ್ದರು. ಅವರದೇನೂ ತಪ್ಪಿಲ್ಲ, ಅದು ಅವರ ಜಾಗ. ನಾವು ಒಂದು ದಿನಕ್ಕೆ ಅಂತಲೇ ಕೇಳಿ ತೆಗೆದುಕೊಂಡಿದ್ದೆವು.

ಆ ಪಂದ್ಯಾವಳಿಯಲ್ಲಿ ಚೆನ್ನಾಗಿ ಆಡಿದ ಇಬ್ಬರು ಹುಡುಗಿಯರನ್ನು ದೂರದ ಒಂದು ಕ್ರೀಡಾ ಹಾಸ್ಟೆಲ್ಲಿಗೆ ಸೇರಿಸಿದ್ದೂ ನಾನೇ. ಒಬ್ಬಳು ಉಳಿದಳು. ಇನ್ನೊಬ್ಬಳು ಮೂರನೇ ತಿಂಗಳಿಗೆ ವಾಪಸ್ ಬಂದಳು. ಊಟ ಸೇರುತ್ತಿರಲಿಲ್ಲ, ಕೂದಲು ಹಿಡಿದು ನಗಾಡುತ್ತಿದ್ದರು, ಯಾರಿಗೆ ಹೇಳಬೇಕು ಅಂತ ಗೊತ್ತಿರಲಿಲ್ಲ. ಶಾಲೆಯಲ್ಲಿ ವರ್ಷ ಹಾಳಾಯಿತು. ಅವಳ ಅವ್ವ ನನ್ನನ್ನು ಬೈಯಲಿಲ್ಲ, ಚಹಾ ಕೊಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

2011ರಲ್ಲಿ ಆರು ವಾರ ಕೀನ್ಯಾಕ್ಕೆ ಹೋಗುವ ಅವಕಾಶ ಬಂತು. ನೈರೋಬಿಯ ಮಥಾರೆ ಅನ್ನೋ ಕೊಳೆಗೇರಿಯಲ್ಲಿ ಮಥಾರೆ ಯೂತ್ ಸ್ಪೋರ್ಟ್ಸ್ ಅಸೋಸಿಯೇಷನ್ ಅಂತ ಇದೆ. ಬಾಬ್ ಮನ್ರೋ ಅನ್ನೋ ಕೆನಡಾದವರು 1987ರಲ್ಲಿ ಶುರು ಮಾಡಿದ್ದು. ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಬಿಗಿದ ಚೆಂಡಿನಲ್ಲಿ ಮಕ್ಕಳು ಫುಟ್‌ಬಾಲ್ ಆಡುತ್ತಿದ್ದ ಜಾಗ ಅದು. 1992ರಿಂದ ಹುಡುಗಿಯರ ತಂಡಗಳೂ ಬಂದವು. ಅಲ್ಲಿಂದ ಹುಟ್ಟಿದ ಮಥಾರೆ ಯುನೈಟೆಡ್ ಕ್ಲಬ್ 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗನ್ನೇ ಗೆದ್ದಿತು, ಅದೂ ಚುನಾವಣೆ ಗಲಭೆಯಲ್ಲಿ ಮಥಾರೆ ಹೊತ್ತಿ ಉರಿದ ವರ್ಷವೇ. (ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಅನ್ನುತ್ತಾರೆ. ಮೊದಲ ವಾರ ನಾನು ಬದುಕಿದ್ದು ಅದರಿಂದಲೇ.)

ಅಲ್ಲಿನ ಒಂದು ನಿಯಮ ಬಹಳ ಹೆಸರಾಗಿದೆ. ಪಂದ್ಯ ಗೆದ್ದರೆ 3 ಅಂಕ. ತಂಡವೆಲ್ಲ ಸೇರಿ ತಮ್ಮ ಬೀದಿಯ ಕಸ, ಚರಂಡಿ ತೆಗೆದರೆ 6 ಅಂಕ. ಓದಿದಾಗ ನನಗೂ ಚಮತ್ಕಾರ ಅನ್ನಿಸಿತ್ತು. ಆದರೆ ಕಣ್ಣಾರೆ ಕಂಡಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಸ ಅಲ್ಲ. ಶನಿವಾರ ಬೆಳಿಗ್ಗೆ, ಚರಂಡಿ ಪಕ್ಕ, ಹದಿನೈದರ ಆಸುಪಾಸಿನ ಒಬ್ಬಳು ಹುಡುಗಿ ನೋಟ್‌ಬುಕ್ ಹಿಡಿದು ನಿಂತಿದ್ದಳು. ಅವಳಿಗಿಂತ ಒಂದೂವರೆ ಅಡಿ ಎತ್ತರದ ಹುಡುಗರ ತಂಡ ಬಂತು. ಐದೇ ಜನ, ಎರಡು ಕುಂಟೆ. ಅವರ ಕೋಚ್ ಏನೋ ಸಮಜಾಯಿಷಿ ಕೊಡುತ್ತಿದ್ದ, ಕೈ ಕೈ ಮುಗಿಯುತ್ತಿದ್ದ. ಅವಳು ತಲೆ ಎತ್ತದೆ ಐದು ಹೆಸರು ಬರೆದಳು, ಕೆಳಗೆ ಗೆರೆ ಎಳೆದಳು, ಪುಸ್ತಕ ಮುಚ್ಚಿದಳು. ಜೊತೆಗಿದ್ದವರು ನನಗೆ ಅರ್ಥ ಹೇಳಿದರು: ಆಡುವಾಗ ಹನ್ನೊಂದು ಜನ ಬರ್ತೀರಿ, ಕಸಕ್ಕೆ ಐದೇ ಜನ ಅಂದರೆ ಅಂಕ ಇಲ್ಲ ಅಂದಳಂತೆ. ಕೋಚ್ ಸುಮ್ನೆ ಹೋದ. ಇಪ್ಪತ್ತು ನಿಮಿಷದಲ್ಲಿ ಉಳಿದವರನ್ನು ಎಬ್ಬಿಸಿಕೊಂಡು ಬಂದ.

ನಮ್ಮ ಕಡೆಯ ಆಟಗಳಲ್ಲಿ ಅಂಥ ಪುಸ್ತಕ ಯಾರ ಕೈಯಲ್ಲಿತ್ತು? ನನ್ನ ಕೈಯಲ್ಲಿ. ನನಗೆ ಜ್ವರ ಬಂದರೆ ಆಟ ಇಲ್ಲ.

ವಾಪಸ್ ಬಂದವಳೇ ಕಸದ ಅಂಕವನ್ನು ಹಾಗೆಯೇ ಇಲ್ಲಿಗೆ ತಂದೆ. ದೊಡ್ಡ ಎಡವಟ್ಟು ಆಯಿತು. ಮಥಾರೆಯಲ್ಲಿ ಕಸ ಎಲ್ಲರ ಮನೆ ಮುಂದಿನ ಕಸ. ನಮ್ಮ ಕಡೆ ಕಸಕ್ಕೆ ಜಾತಿ ಇದೆ, ಅಲ್ವಾ? ಮೊದಲ ವಾರವೇ ಒಂದು ಊರಿನ ನಾಲ್ಕು ಜನ ಅಪ್ಪಂದಿರು ಬಂದರು. "ನಮ್ಮ ಹುಡುಗೋರ ಕೈಲೆ ಕಸಾ ಹೊಡಸ್ತೀರೇನ್ರಿ?" ಅಂದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಊರಿನಲ್ಲಿ ಆಯಿತು. ಅಲ್ಲಿ ಯಾರೂ ಜಗಳ ಮಾಡಲಿಲ್ಲ. ತಂಡದಲ್ಲಿದ್ದ ಇಬ್ಬರು ಸಿದ್ದಿ ಹುಡುಗರು, ಒಬ್ಬ ದಲಿತ ಹುಡುಗ, ಮೂವರೇ ಕಸ ಎತ್ತಿದರು. ಉಳಿದವರು ಕಟ್ಟೆ ಮೇಲೆ ಕೂತಿದ್ದರು. ಅಂಕ ಮಾತ್ರ ತಂಡಕ್ಕೆ ಬಂತು. ಅದನ್ನು ಬರೆದವಳು ನಾನೇ. ಎರಡನೇ ವಾರಕ್ಕೆ ಆ ನಿಯಮ ತೆಗೆದು ಹಾಕಿದೆ.

ಬೇರೆ ದೇಶದಲ್ಲಿ ಚೆನ್ನಾಗಿ ನಡೆದ ಉಪಾಯವನ್ನು ತಂದು ಇಲ್ಲಿ ನೆಡುವವರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ. ತರಬೇಕಿದ್ದದ್ದು ಕಸ ಅಲ್ಲ, ಆ ಹುಡುಗಿಯ ನೋಟ್‌ಬುಕ್.

2012ರಲ್ಲಿ ಒಂಬತ್ತು ಹಳ್ಳಿಗಳ ಲೀಗ್ ಶುರು ಮಾಡಿದೆವು. ಹುಡುಗಿಯರ ಕಬಡ್ಡಿ, ಪ್ರತಿ ಭಾನುವಾರ ಬೆಳಿಗ್ಗೆ. ಮೊದಲು ಸಂಜೆ ಇಟ್ಟಿದ್ದೆ, ಯಾರೂ ಬರಲಿಲ್ಲ. ಸಂಜೆ ನೀರು ತರಬೇಕು, ಕಟ್ಟಿಗೆ ತರಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ವೇಳೆ ಯಾವುದು ಅಂತ ಹುಡುಗಿಯರನ್ನೇ ಕೇಳಬೇಕಿತ್ತು, ನಾನು ಕೇಳಿರಲಿಲ್ಲ. ಚಡ್ಡಿಯ ವಿಷಯಕ್ಕೆ ತಾಯಂದಿರ ಜೊತೆ ವಾದ ಮಾಡಲಿಲ್ಲ, ಉದ್ದನೆಯ ಟ್ರ್ಯಾಕ್ ಪ್ಯಾಂಟಿನಲ್ಲೇ ಆಡಿದರು. ಆಟ ನಡೆಯುವ ಜಾಗದಲ್ಲಿ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹಿಂದಿನ ದಿನವೇ ಖಾತ್ರಿ ಮಾಡಿಕೊಳ್ಳುವುದು ಕಪ್ ಖರೀದಿಗಿಂತ ಮುಖ್ಯ ಅಂತ ಆ ವರ್ಷ ಕಲಿತೆ.

ಅಂಕದ ಲೆಕ್ಕ ಹೀಗಾಯಿತು: ಗೆದ್ದರೆ 2. ತಮ್ಮ ಊರಿನ ಅಂಕಣದ ಕಲ್ಲು ಆರಿಸಿ, ನೀರು ಹೊಡೆದು, 12 ಮೀಟರ್ ಉದ್ದ 8 ಮೀಟರ್ ಅಗಲಕ್ಕೆ ಸುಣ್ಣದ ಗೆರೆ ಹಾಕಿದ್ದರೆ 3, ಅದಕ್ಕೆ ತಂಡದ ಅಷ್ಟೂ ಜನರ ಸಹಿ ಬೇಕು. ಬೇರೆ ಎರಡು ತಂಡಗಳ ಪಂದ್ಯಕ್ಕೆ ಅಂಪೈರ್ ಕಳಿಸಿದರೆ 2. ಅಂಪೈರ್ ಆದ ಹುಡುಗಿಯ ಗತ್ತೇ ಬೇರೆ. ತರಗತಿಯಲ್ಲಿ ಬಾಯಿ ಬಿಡದವಳು ಮೈದಾನದಲ್ಲಿ ಪಂಚಾಯತಿ ಸದಸ್ಯರ ಮಗಳಿಗೆ ಎಚ್ಚರಿಕೆಯ ಹಸಿರು ಕಾರ್ಡ್ ತೋರಿಸಿದ್ದನ್ನು ನೋಡಿದ್ದೇನೆ.

ಕಾಗದದ ಕೆಲಸದ ಬಗ್ಗೆ ಹೇಳದೆ ಇದ್ದರೆ ಈ ಬರಹ ಸುಳ್ಳಾಗುತ್ತದೆ. ನಮ್ಮ ಮೊದಲ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರ ಹುಟ್ಟಿದ ದಿನ ಜೂನ್ 1. ಉತ್ತರ ಕರ್ನಾಟಕದ ಯಾವುದೇ ಹಳ್ಳಿ ಶಾಲೆಯ ದಾಖಲೆ ತೆಗೆದು ನೋಡಿ, ಊರಿಗೆ ಊರೇ ಜೂನ್ 1ಕ್ಕೆ ಹುಟ್ಟಿರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಅದು. ನಗು ಬರುತ್ತೆ, ಆದರೆ 14 ವರ್ಷದೊಳಗಿನವರ ವಿಭಾಗಕ್ಕೆ ಜನನ ಪ್ರಮಾಣಪತ್ರ ಕೇಳಿದಾಗ ಅಳು ಬರುತ್ತೆ. ಹುಟ್ಟಿ ಒಂದು ವರ್ಷದೊಳಗೆ ನೋಂದಾಯಿಸಿರದಿದ್ದರೆ ಆಗೆಲ್ಲ ಮ್ಯಾಜಿಸ್ಟ್ರೇಟ್ ಆದೇಶ ಬೇಕಿತ್ತು. ಒಬ್ಬಳಿಗೆ ಅದನ್ನು ಮಾಡಿಸಲು ನಾಲ್ಕು ಸಲ ಕೋರ್ಟಿಗೆ ಹೋದೆವು, ಅವಳ ಅಪ್ಪನಿಗೆ ನಾಲ್ಕು ದಿನದ ಕೂಲಿ ಹೋಯಿತು. ಆದರೆ ಅದೇ ಕಾಗದ ಮುಂದೆ ಅವಳಿಗೆ ಬೇರೆ ಎಷ್ಟೋ ಕಡೆ ಉಪಯೋಗಕ್ಕೆ ಬಂತು. ಕಬಡ್ಡಿಯಿಂದ ಆ ಮನೆಗೆ ಆದ ಲಾಭ ಅಂದರೆ ನಾನು ಅದನ್ನೇ ಮೊದಲು ಹೇಳುತ್ತೇನೆ.

ದುಡ್ಡಿನ ವಿಷಯ ಚುಟುಕಾಗಿ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನೋ ಸಿಎಸ್‌ಆರ್ ನಿಯಮ ಬಂತು, ಅದರ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆಯ ತರಬೇತಿಯೂ ಇದೆ. ಒಳ್ಳೆಯದೇ. ಆದರೆ ಹಣ ಕೊಡುವವರು ಕಿಟ್ ಕೊಡುತ್ತಾರೆ, ಶೂ ಕೊಡುತ್ತಾರೆ, ಬ್ಯಾನರಿಗೆ ಖಂಡಿತ ಕೊಡುತ್ತಾರೆ. ಊರೂರು ತಿರುಗುವ ಸಂಯೋಜಕಿಯ ಸಂಬಳಕ್ಕೆ ಮಾತ್ರ ಕೈ ಬಿಗಿ. ವಿದೇಶಿ ದೇಣಿಗೆ ಪಡೆಯುವವರಿಗೆ ಆ ದೇಣಿಗೆಯ ಕಾಯ್ದೆಗೆ ಬಂದ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ನಮ್ಮಂಥ ಕೆಲಸದಲ್ಲಿ ಸಂಬಳವೇ ಕೆಲಸ, ಬೇರೆ ಏನಿದೆ? ಎರಡು ಅಂಕಣಗಳನ್ನು ನಾವು ನರೇಗಾದಲ್ಲಿ ಮಾಡಿಸಿದೆವು. ಶಾಲೆ ಮೈದಾನದ ಕೆಲಸಕ್ಕೆ ಅದರಲ್ಲಿ ಅವಕಾಶ ಇದೆ ಅಂತ ಗ್ರಾಮ ಪಂಚಾಯತಿಯ ಅಧಿಕಾರಿ, ಪಿಡಿಒ ಒಬ್ಬರು ತಾವಾಗಿಯೇ ಹೇಳಿದ್ದರು. ಅಂಥ ಒಬ್ಬ ಪಿಡಿಒ ಸಿಕ್ಕರೆ ಹತ್ತು ಅರ್ಜಿ ಉಳಿಯುತ್ತೆ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಹುಡುಗಿಯರ ತಂಡ ಬೇರೆ ಊರಿಗೆ ಹೊರಟರೆ ಇಬ್ಬರು ಹೆಂಗಸರು ಜೊತೆಗೆ ಇರಲೇಬೇಕು, ಅವರಲ್ಲಿ ಒಬ್ಬರು ಅದೇ ಊರಿನ ತಾಯಿ. ಯಾವ ಕೋಚೂ ಒಬ್ಬನೇ ಒಬ್ಬಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುವಂತಿಲ್ಲ, ಎಷ್ಟೇ ಒಳ್ಳೆಯವನಾಗಿರಲಿ. ಈ ನಿಯಮಕ್ಕೆ ಸಿಟ್ಟು ಮಾಡಿಕೊಂಡು ಇಬ್ಬರು ಕೋಚ್‌ಗಳು ಬಿಟ್ಟು ಹೋದರು. ಹೋಗಲಿ.

ಹಾಸ್ಟೆಲ್ಲಿನಿಂದ ವಾಪಸ್ ಬಂದಿದ್ದಳಲ್ಲ, ಅವಳನ್ನು ಲೀಗಿನ ಎರಡನೇ ವರ್ಷ ಅಂಪೈರ್ ಆಗು ಅಂತ ಕರೆದೆ. ಬರಲಿಲ್ಲ. ಮೂರನೇ ವರ್ಷ ತಾನಾಗಿಯೇ ಬಂದಳು, ಅದೂ ಆಡಲು ಅಲ್ಲ, ರಿಜಿಸ್ಟರ್ ಬರೆಯಲು. ನನ್ನ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲವಂತೆ. ಈಗ ಒಂಬತ್ತು ಊರಿನ ಲೆಕ್ಕ ಅವಳದು, ತಿಂಗಳ ಸಂಬಳವೂ ಇದೆ. ಕೊರೋನಾ ಕಾಲದಲ್ಲಿ ನಿಂತ ಲೀಗನ್ನು ಮತ್ತೆ ಎಬ್ಬಿಸಿದ್ದು ಅವಳೇ, ನಾನು ಆಗ ಧಾರವಾಡದಲ್ಲಿ ಅಮ್ಮನ ಕಾಯಿಲೆ ನೋಡಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಒಂದು ಊರಿನಲ್ಲಿ ಮಳೆ ಬಂದು ಗೆರೆ ಅಳಿಸಿ ಹೋಗಿತ್ತು. ಮಳೆಗೆ ಅವರೇನು ಮಾಡಿಯಾರು, 3 ಅಂಕ ಕೊಡು ಅಂದೆ. "ಮತ್ತ ಹಾಕಬೇಕಿತ್ತಲ್ರಿ ಅಕ್ಕೋರೆ, ಸುಣ್ಣ ಇತ್ತು, ಮಂದಿ ಇದ್ರು," ಅಂತ ಅವಳು ಕೊಡಲಿಲ್ಲ. ಆ ಊರಿನವರು ನನ್ನ ಹತ್ತಿರ ದೂರು ತಂದಿದ್ದಾರೆ. ತಂಡಗಳ ನಾಯಕಿಯರ ಸಭೆ ಬರುವ ಭಾನುವಾರ ಇದೆ, ಅಲ್ಲಿ ನನಗೆ ಮಾತಾಡಲು ಅವಕಾಶ ಇದೆಯಂತೆ, ವೋಟು ಇಲ್ಲವಂತೆ.